ಕಾಗದ ಕುಡಿದ ಸ್ಪಿರಿಟು

ಟೀಚರಮ್ಮ ಕಡೂರಿನಲ್ಲಿ ತೀರಿಕೊಂಡ ವಾರಕ್ಕೆ ನಮ್ಮೂರ ಶಾಲೆಯಲ್ಲಿ ಸಂತಾಪ ಸಭೆ ಇಟ್ಟಿದ್ದರು. ಹಳೇ ಆಯಾ ಅಂತ ನನಗೂ ಹೇಳಿಕಳಿಸಿದ್ದರು. ಫೋಟೋಕ್ಕೆ ಹಾರ ಹಾಕಿ ಒಬ್ಬೊಬ್ಬರೇ ಎದ್ದು ಮಾತಾಡಿದರು. ಒಬ್ಬರು ‘ಮೃದು ಸ್ವಭಾವದವರು’ ಎಂದರು. ಇನ್ನೊಬ್ಬರು ‘ಯಾರಿಗೂ ಒಂದು ಕಟು ಮಾತು ಆಡಿದವರಲ್ಲ’ ಎಂದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆ. ಇವರು ಯಾರ ವಿಷಯ ಹೇಳುತ್ತಿದ್ದಾರೆ ಅಂತ ಪಕ್ಕದವಳನ್ನು ಕೇಳಿದ್ದಕ್ಕೆ ಅವಳು ಸುಮ್ಮನಿರು ಎಂದು ತೊಡೆ ಚಿವುಟಿದಳು.

ಸತ್ತವರ ಮೇಲೆ ಸುಳ್ಳು ಹೇಳಬಾರದು. ಆಕೆ ಮೃದು ಅಲ್ಲ. ನನ್ನನ್ನು ಕಳ್ಳಿ ಎಂದು ಬರೆದುಕೊಟ್ಟವರು ಆಕೆ. ಅದನ್ನು ಸಭೆಯಲ್ಲಿ ಯಾರೂ ಹೇಳಲಿಲ್ಲ. ಆಮೇಲೆ ಏನು ಮಾಡಿದರು ಅನ್ನುವುದನ್ನೂ ಹೇಳಲಿಲ್ಲ. ಎರಡನ್ನೂ ಬಿಟ್ಟರೆ ಉಳಿಯುವುದು ಫೋಟೋ ಒಂದೇ. ಅದಕ್ಕೇ ಬರೆಯುತ್ತಿದ್ದೇನೆ. ಕಾಗುಣಿತವನ್ನು ಮೊಮ್ಮಗಳು ತಿದ್ದಿದ್ದಾಳೆ, ಮಾತು ಮುಟ್ಟಬೇಡ ಎಂದಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಶಾಲೆಗೆಲ್ಲ ಅವರು ಟೀಚರಮ್ಮ, ನನಗೂ ಅಷ್ಟೇ.

ಎಮರ್ಜೆನ್ಸಿ ಕಳೆದ ಮರುವರ್ಷ ಅವರು ನಮ್ಮಲ್ಲಿಗೆ ಬಂದದ್ದು, ಎಂಟನೇ ಕ್ಲಾಸಿನಿಂದ ಹತ್ತರವರೆಗೆ ವಿಜ್ಞಾನಕ್ಕೆ. ನಮ್ಮದು ಊರಿನ ಕಮಿಟಿ ನಡೆಸುತ್ತಿದ್ದ ಶಾಲೆ. ದಿನಾ ಕಡೂರಿನಿಂದ ಪ್ಯಾಸೆಂಜರ್ ರೈಲು ಹತ್ತಿ ಅಜ್ಜಂಪುರದಲ್ಲಿ ಇಳಿದು, ಎರಡು ಮೈಲಿ ನಡೆದು ಬರುತ್ತಿದ್ದರು. ಮದುವೆ ಆಗಿರಲಿಲ್ಲ. ಯಾಕೆ ಆಗಿಲ್ಲ ಎಂದು ಕೇಳಿದ ಹೆಂಗಸರಿಗೆ ‘ನಿಮಗೆ ಯಾಕೆ ಆಯ್ತು?’ ಎಂದು ತಿರುಗಿ ಕೇಳುತ್ತಿದ್ದರು. ಕೈಯಲ್ಲಿ ಒಂದು ನೈಲಾನ್ ಚೀಲ, ಅದರ ತುಂಬ ಹಳೇ ಸೀರೆ ತುಂಡಿನಲ್ಲಿ ಸುತ್ತಿದ ಗಾಜಿನ ಲೋಟ. ನಡೆದರೆ ಚೀಲ ಕಿಣಿಕಿಣಿ ಅನ್ನುತ್ತಿತ್ತು. ಆ ಸದ್ದು ಕೇಳಿದರೆ ಹುಡುಗರು ಬೀಡಿ ಎಸೆದು ಓಡುತ್ತಿದ್ದರು.

ಬಂದ ಮೊದಲ ವಾರವೇ ನನಗೂ ಅವರಿಗೂ ಜಗಳ. ನಾನು ಬೆಳಗ್ಗೆ ಕಟ್ಟಿಟ್ಟ ಹೊಸ ಪೊರಕೆ ಮಧ್ಯಾಹ್ನದ ಹೊತ್ತಿಗೆ ಅರ್ಧ ಆಗಿತ್ತು. ಯಾರು ಕಿತ್ತರು ಎಂದು ಹುಡುಕುತ್ತ ಎಂಟನೇ ಕ್ಲಾಸಿಗೆ ಹೋದೆ. ಬೆಂಚಿನ ಮೇಲೆಲ್ಲ ಲೋಟ, ಲೋಟದ ಬಾಯಿಗೆ ಅಡ್ಡಲಾಗಿ ನನ್ನ ಪೊರಕೆ ಕಡ್ಡಿ, ಪ್ರತಿ ಕಡ್ಡಿಗೂ ಜೋತುಬಿದ್ದ ಒಂದು ಕಾಗದದ ಪಟ್ಟಿ.

“ನನ್ ಪೊರಕೆ ಕಣ್ರೀ ಅದು.”

“ಗೊತ್ತು. ನಲವತ್ತು ಕಡ್ಡಿ ತಗೊಂಡಿದೀನಿ.”

“ಕೇಳ್ದೆ ತಗೊಂಡ್ರೆ ಅದಕ್ಕೇನಂತಾರೆ?”

“ಕೇಳಿದ್ರೆ ಕೊಡ್ತಿದ್ಯಾ?”

“ಇಲ್ಲ.”

“ಅದಕ್ಕೇ ಕೇಳ್ಲಿಲ್ಲ.”

ಮಕ್ಕಳೆಲ್ಲ ಕಿಸಕ್ಕಂದವು. ಮಾರನೆಯ ದಿನ ರೈಲಿನಲ್ಲಿ ಒಂದು ಪೊರಕೆ ತಂದರು. ಸಖರಾಯಪಟ್ಟಣದ ಕಡೆಯ ತೆಂಗಿನ ಗರಿಯದು, ನಮ್ಮೂರ ಕಡ್ಡಿಗಿಂತ ಗಟ್ಟಿ. ನನ್ನ ಕೈಗೆ ಕೊಡಲಿಲ್ಲ, ಬಾಗಿಲ ಹಿಂದೆ ಒರಗಿಸಿ ಹೋದರು. ನಾನೂ ಅದರಲ್ಲೇ ಗುಡಿಸಿದೆ.

ಆ ಲೋಟದ ಪಾಠ ಏನೆಂದು ನೋಡಲು ನಿಂತದ್ದು ಪೊರಕೆಯ ಸಿಟ್ಟಿಗೆ. ಆದರೆ ಅವರು ಹಚ್ಚಿದ್ದು ನನ್ನ ಮಸಿ. ಶಾಲೆಯ ಮಸಿ ಕಲೆಸುವುದು ನನ್ನ ಕೆಲಸ. ಪುಡಿಯ ಪೊಟ್ಟಣ ಬರುತ್ತಿತ್ತು. ಕಾಯಿಸಿ ಆರಿಸಿದ ನೀರಿಗೆ ಹಾಕಿ, ತಿರುವಿ, ಬಟ್ಟೆಯಲ್ಲಿ ಸೋಸಿ, ಸೀಸೆಗೆ ತುಂಬುತ್ತಿದ್ದೆ. ಹಾಜರಿ ಪುಸ್ತಕದಿಂದ ಹಿಡಿದು ಹೆಡ್ ಮೇಷ್ಟ್ರ ಕಾಗದದವರೆಗೆ ಎಲ್ಲ ಆ ಮಸಿಯಲ್ಲೇ. ಏಳೆಂಟು ವರ್ಷ ಕಲೆಸಿದವಳಿಗೆ ಕಪ್ಪು ಅಂದರೆ ಕಪ್ಪು ಅಂತಲೇ ಗೊತ್ತಿದ್ದುದು.

ಮಸಿ ಹೀರುವ ಕಾಗದವನ್ನು ಎರಡು ಬೆರಳಗಲ ಕತ್ತರಿಸಿ, ತಳದಿಂದ ಒಂದು ಬೆರಳು ಬಿಟ್ಟು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಗೆರೆಯ ಮೇಲೆ ಒಂದು ಚುಕ್ಕಿ ಮಸಿ. ಪಟ್ಟಿಯ ತುದಿ ಲೋಟದ ನೀರಿಗೆ ತಾಕಬೇಕು, ಚುಕ್ಕಿ ತಾಕಬಾರದು. ಅಷ್ಟೇ. ನೀರು ತಾನೇ ಕಾಗದ ಹತ್ತಿತು. ಚುಕ್ಕಿ ಮುಟ್ಟಿತು. ನನ್ನ ಕಪ್ಪು ಮಸಿ ಮೇಲೆ ಮೇಲೆ ಹೋಗುತ್ತ ಒಡೆದುಕೊಂಡು ಒಂದು ಕಡೆ ನೀಲಿ ಆಯಿತು, ಅದರ ಮೇಲೆ ನೇರಳೆ, ತುದಿಗೆ ಒಂದಿಷ್ಟು ಹಳದಿ.

“ಏನ್ ಮದ್ದು ಹಾಕಿದ್ರಿ ನನ್ ಮಸೀಗೆ?” ಎಂದೆ.

“ನೀರು. ನೀನು ಸೇದಿಟ್ಟಿದ್ದೇ.”

“ಮತ್ತೆ ಈ ಬಣ್ಣ ಎಲ್ಲಿಂದ ಬಂತು?”

“ಕಲೆಸಿದೋಳು ನೀನು. ನನ್ನ ಕೇಳ್ತೀಯಲ್ಲ.”

ನನಗೆ ಹೇಳಲಿಲ್ಲ. ಮಕ್ಕಳಿಗೆ ಹೇಳಿದರು, ನಾನು ಕೇಳಿಸಿಕೊಂಡೆ. ಕೆಲವು ಬಣ್ಣಕ್ಕೆ ಕಾಗದ ಇಷ್ಟ, ಕೂತುಬಿಡುತ್ತೆ. ಕೆಲವಕ್ಕೆ ನೀರು ಇಷ್ಟ, ಅದರ ಜೊತೆ ಓಡುತ್ತೆ. ಓಟ ನಿಂತಾಗ ಯಾರು ಎಲ್ಲಿದ್ದಾರೆ ನೋಡಿ ಎಂದರು. ಅದಕ್ಕೊಂದು ಇಂಗ್ಲಿಷ್ ಹೆಸರಿದೆ, ಕ್ರೊಮ್ಯಾಟೊಗ್ರಫಿ. ನಮ್ಮ ಮಕ್ಕಳ ಬಾಯಲ್ಲಿ ಅದು ಮೊದಲ ದಿನ ಕುರುಮಟ ಗಿರಿಯಪ್ಪ ಆಯಿತು, ಎರಡನೇ ದಿನ ಬರೀ ಗಿರಿಯಪ್ಪ. ‘ಇವತ್ತು ಗಿರಿಯಪ್ಪನ ಪಾಠ ಕಣ್ರೋ’ ಎಂದು ಕೂಗುತ್ತ ಲೋಟ ತೊಳೆಯಲು ಓಡುತ್ತಿದ್ದವು. ಹೆಡ್ ಮೇಷ್ಟ್ರು ಒಂದು ದಿನ ನನ್ನನ್ನು ಕರೆದು, ಈ ಗಿರಿಯಪ್ಪ ಯಾರು, ಹೊರಗಿನವರನ್ನು ಶಾಲೆಯೊಳಗೆ ಯಾಕೆ ಬಿಡ್ತೀಯ ಎಂದು ಗದರಿದ್ದೂ ಉಂಟು.

ಆಕೆಯ ಬಾಯಲ್ಲಿ ಶಭಾಷ್ ಅನ್ನುವ ಮಾತು ನಾನು ಕೇಳಿಲ್ಲ. ಕೇಳಿದ್ದು ಒಂದೇ ಮಾತು, “ಕಂಡಿದ್ದು ಹೇಳು.” ಎಲ್ಲರ ಮುಂದೂ ಅದೇ. ಒಬ್ಬಳು ಹುಡುಗಿ, ಓದಿನಲ್ಲಿ ಮೊದಲನೆಯವಳು, ತನ್ನ ಪಟ್ಟಿ ನೋಡಿ ಮೂರು ಬಣ್ಣ ಎಂದಳು. ಅವಳ ಪಟ್ಟಿಯಲ್ಲಿ ಎರಡೇ ಇತ್ತು, ಚುಕ್ಕಿ ನೀರಿಗೆ ಮುಳುಗಿ ಅರ್ಧ ಮಸಿ ಲೋಟದೊಳಕ್ಕೆ ಇಳಿದುಹೋಗಿತ್ತು.

“ಎಲ್ಲಿದೆ ಮೂರನೇದು?”

“ಪುಸ್ತಕದಲ್ಲಿದೆ ಟೀಚರ್.”

“ಪುಸ್ತಕ ಓದಿ ಕಣ್ಣು ಕಳ್ಕೊಂಡ್ಯಾ? ನೋಡದೆ ಹೇಳಿದೋರು ಹೊರಗೆ.”

ಅವಳನ್ನು ಪೀರಿಯಡ್ ಮುಗಿಯುವವರೆಗೂ ಜಗಲಿಯಲ್ಲಿ ನಿಲ್ಲಿಸಿದರು. ಹುಡುಗಿ ಗೊಳೋ ಎಂದು ಅತ್ತಳು. ಅವಳು ಕಮಿಟಿ ಅಧ್ಯಕ್ಷರ ತಮ್ಮನ ಮಗಳು ಎಂದು ನಾನು ಕಿವಿಯಲ್ಲಿ ಹೇಳಿದೆ. ಟೀಚರಮ್ಮ, ‘ಕಣ್ಣು ಅಧ್ಯಕ್ಷರದಾ, ಇವಳದಾ?’ ಎಂದರು. ಆವತ್ತಿನಿಂದಲೇ ಅಧ್ಯಕ್ಷರಿಗೆ ಆಕೆಯ ಮೇಲೆ ಕೆಂಗಣ್ಣು.

ಮಸಿಯಾದ ಮೇಲೆ ಸೊಪ್ಪು. ದಂಟಿನ ಸೊಪ್ಪು, ಮಲ್ಲಿಗೆ ಎಲೆ, ಬೇಲಿಯ ಮೇಲಿನ ಯಾವುದೋ ಬಳ್ಳಿ, ಮಕ್ಕಳು ಸಿಕ್ಕಿದ್ದು ತಂದವು. ಸೊಪ್ಪಿನ ಹಸಿರನ್ನು ನೀರು ಬಿಡಿಸುವುದಿಲ್ಲ, ಅದಕ್ಕೆ ಸ್ಪಿರಿಟ್ ಬೇಕು. ಅಜ್ಜಂಪುರದಲ್ಲಿ ಮದುವೆಮನೆಗೆ ಗ್ಯಾಸ್ ಲೈಟ್ ಬಾಡಿಗೆಗೆ ಕೊಡುವ ಒಬ್ಬನಿದ್ದ. ಲೈಟ್ ಹಚ್ಚುವ ಮುಂಚೆ ಕಾಯಿಸಲು ಅವನ ಹತ್ತಿರ ಸ್ಪಿರಿಟ್ ಇರುತ್ತಿತ್ತು. ಅವನಿಂದ ಒಂದು ಬಾಟ್ಲಿ ತಂದರು. ನಾನೇ ಕಲ್ಲಿನಲ್ಲಿ ಅರೆದುಕೊಟ್ಟೆ. ಅರೆದ ಸೊಪ್ಪಿಗೆ ಸ್ಪಿರಿಟ್ ಬೆರೆಸಿ ಅದರಲ್ಲಿ ಪಟ್ಟಿ ಇಳಿಬಿಟ್ಟರೆ ಹಸಿರಿನ ತಲೆಯ ಮೇಲೆ ಒಂದು ಹಳದಿ ಗೆರೆ ಬೇರೆಯಾಗಿ ನಿಲ್ಲುತ್ತಿತ್ತು. ಇಷ್ಟು ವರ್ಷ ಹುಳಿಗೆ ಹಾಕಿದ ಸೊಪ್ಪಿನಲ್ಲಿ ಹಳದಿ ಇದೆ ಎಂದು ನನ್ನ ಅತ್ತೆಗೂ ಗೊತ್ತಿರಲಿಲ್ಲ.

ಸ್ಪಿರಿಟ್ ವಾಸನೆ ಕಿಟಕಿ ದಾಟಿ ಊರಿಗೆ ಹೋಯಿತು. ಊರಿಗೆ ಆ ವಾಸನೆಗೆ ಗೊತ್ತಿದ್ದ ಹೆಸರು ಸಾರಾಯಿ. ಮಠಕ್ಕೆ ನಡೆದುಕೊಳ್ಳುವ ಮನೆತನದವರ ಊರು ಅದು. ಶಾಲೆಯಲ್ಲಿ ಬಾಟ್ಲಿ ಇದೆ ಅನ್ನುವ ಮಾತು ಸಾಕು. ಟೀಚರಮ್ಮನಿಗೆ ಹಿಂದಿನಿಂದ ಬಾಟ್ಲಿ ಟೀಚರು ಎಂದು ಹೆಸರಾಯಿತು. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಬಾಟ್ಲಿಯ ಮಾತು ಬಂದರೆ ಮೊದಲು ಬೀಳುವುದು ನನ್ನ ತಲೆಯ ಮೇಲೆ. ನನ್ನ ಗಂಡ ಸಾರಾಯಿ ಕುಡಿದೇ ಸತ್ತವನು. ಅವನು ಸತ್ತ ವರ್ಷವೇ, ಪಾಪ ಅಂತ, ಕಮಿಟಿಯವರು ನನಗೆ ಈ ಕೆಲಸ ಕೊಟ್ಟದ್ದು. ಕೊಟ್ಟವರಿಗೆ ಕಿತ್ತುಕೊಳ್ಳುವುದೂ ಸುಲಭ.

ಮೂರನೇ ವಾರ ಒಬ್ಬ ಹುಡುಗ ಹಲ್ಲಿನಲ್ಲಿ ಎಳೆದು ಬಾಟ್ಲಿಯ ಬೂಚು ಮುರಿದ. ಟೀಚರಮ್ಮನಿಗೆ ರೈಲಿನ ಹೊತ್ತು. “ಏನಾದ್ರೂ ಮುಚ್ಚಿಡು ಕೆಂಚಮ್ಮ” ಎಂದು ಓಡಿದರು. ಮುಚ್ಚಿಟ್ಟೆ. ಬಾಟ್ಲಿ ಇದ್ದುದು ಗುಡಿಸುವ ಸಾಮಾನಿನ ಕೋಣೆಯಲ್ಲಿ, ಬೀಗ ಇಲ್ಲದ ಕಡೆ. ದಿನ ಕಳೆದಂತೆ ಅದರೊಳಗಿನದು ಇಳಿಯತೊಡಗಿತು. ಟೀಚರಮ್ಮ ಸುಮ್ಮನೆ ಪೆನ್ಸಿಲ್ಲಿನಲ್ಲಿ ಬಾಟ್ಲಿಗೆ ಅಂಟಿದ್ದ ಚೀಟಿಯ ಮೇಲೆ ಗುರುತು ಹಾಕಿದರು. ಮಾರನೆಯ ದಿನ ನೋಡಿದರು, ಗುರುತಿಗಿಂತ ಕೆಳಗೆ. ಇನ್ನೊಂದು ಗುರುತು. ಅದಕ್ಕಿಂತಲೂ ಕೆಳಗೆ. ಶುಕ್ರವಾರ ನನ್ನನ್ನು ಕರೆದು ನೇರ ಕೇಳಿದರು.

“ಕೆಂಚಮ್ಮ, ನೀನು ಕುಡೀತೀಯಾ?”

ಅವರ ಮುಖಕ್ಕೇ ಹೇಳಿದೆ, “ನನ್ ಗಂಡ ಕುಡಿದದ್ದು ಈ ಊರಿಗೇ ಸಾಕಾಗೋವಷ್ಟಿದೆ. ನಾನೂ ಕುಡೀಬೇಕಾ?”

“ಹಾಗಾದ್ರೆ ಯಾರಿಗೆ ಮಾರ್ತೀಯ?”

ಉತ್ತರ ಕೊಡದೆ ಹೊರಟುಹೋದೆ. ಅದು ನನ್ನ ತಪ್ಪು. ಉತ್ತರ ಕೊಡದಿದ್ದರೆ ಒಪ್ಪಿದ ಹಾಗೆ ಎಂದುಕೊಂಡರು. ಮಧ್ಯಾಹ್ನ ಹೆಡ್ ಮೇಷ್ಟ್ರು ಕರೆಸಿದರು. ಮೇಜಿನ ಮೇಲೆ ಒಂದು ಹಾಳೆ ಇತ್ತು. ಓದಿ ಹೇಳಿದರು. ಪ್ರಯೋಗದ ಸ್ಪಿರಿಟ್ ದಿನವೂ ಕಡಿಮೆಯಾಗುತ್ತಿದೆ, ಆಯಾ ಕೆಂಚಮ್ಮ ಕಳ್ಳತನ ಮಾಡುತ್ತಿದ್ದಾಳೆ, ಕ್ರಮ ತೆಗೆದುಕೊಳ್ಳಬೇಕು. ಕೆಳಗೆ ಟೀಚರಮ್ಮನ ಸಹಿ. ಹೆಡ್ ಮೇಷ್ಟ್ರು ಕೆಟ್ಟವರಲ್ಲ, ಹೆದರುಪುಕ್ಕಲರು. “ಸೋಮವಾರ ಸಂಜೆ ಕಮಿಟಿ ಕೂರುತ್ತೆ. ಅಧ್ಯಕ್ಷರು ನಿನ್ನ ಜಾಗಕ್ಕೆ ಬೇರೆ ಯಾರನ್ನೋ ನೋಡಿಟ್ಟವ್ರೆ ಕಣಮ್ಮ. ನೀನು ಕಾಲು ಹಿಡ್ಕೊಂಡ್ರೆ ಏನಾದ್ರೂ ಆಗ್ಬೋದು” ಎಂದರು.

ಹಿಡಿಯುವುದಾದರೆ ಕಾಲಲ್ಲ, ಕುತ್ತಿಗೆ ಎಂದುಕೊಂಡು ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ನಾನೂ ಟೀಚರಮ್ಮನ ಹಿಂದೆಯೇ ಅಜ್ಜಂಪುರ ಸ್ಟೇಷನ್ನಿಗೆ ನಡೆದೆ. ಪ್ಲಾಟ್‌ಫಾರಂ ಮೇಲೆ ಕಡಲೆಕಾಯಿ ಮಾರುವವಳು, ಹತ್ತಿಪ್ಪತ್ತು ಜನ. ಎಲ್ಲರಿಗೂ ಕೇಳುವ ಹಾಗೆಯೇ ಕೇಳಿದೆ.

“ಟೀಚರಮ್ಮ, ನಾನು ಕುಡಿದಿದ್ದು ಕಂಡ್ರಾ?”

“ಇಲ್ಲ.”

“ಮಾರಿದ್ದು ಕಂಡ್ರಾ?”

“ಇಲ್ಲ. ಆದ್ರೆ ಸ್ಪಿರಿಟ್ ಇಳೀತಿದೆ. ಅದನ್ನ ಕಂಡೆ.”

“ಇಳಿದಿದ್ದು ಕಂಡ್ರಿ. ಇಳಿಸ್ದೋಳು ಕೆಂಚಿ ಅಂತ ಎಲ್ಲಿ ಕಂಡ್ರಿ? ಆ ಹುಡುಗೀನ ಯಾಕ್ ಮತ್ತೆ ಹೊರಗೆ ನಿಲ್ಲಿಸಿದ್ರಿ?”

ಅವರು ಚೀಲವನ್ನು ಇನ್ನೊಂದು ಕೈಗೆ ಬದಲಿಸಿದರು. ಸಿಗ್ನಲ್ ಬಿದ್ದಿತ್ತು, ರೈಲು ದೂರದಲ್ಲಿ ಕೂಗಿತು.

“ಬಾಟ್ಲಿ ಹೆಂಗಿದೆಯೋ ಹಂಗೇ ನಿಮ್ ಕಬ್ಬಿಣದ ಬೀರುವಿನಾಗೆ ಇಡಿ. ನೀವೇ ಗುರುತು ಹಾಕಿ, ನೀವೇ ಬೀಗ ಹಾಕಿ, ಕೀ ಕಡೂರಿಗೆ ತಗೊಂಡೋಗಿ. ಸೋಮವಾರ ಬಂದು ನೋಡಿ. ಇಳಿದಿಲ್ಲ ಅಂದ್ರೆ ನಾನೇ ಕಳ್ಳಿ, ಕಮಿಟಿಗೂ ಬರಾಕಿಲ್ಲ, ಮನೇಲೇ ಕೂತ್ಕೋತೀನಿ. ಇಳಿದಿದ್ರೆ ನೀವ್ ಹೇಳಿ ನೀವ್ ಏನಂತ.”

ರೈಲು ಬಂದು ನಿಂತಿತು. ಆಕೆ ಹತ್ತಲಿಲ್ಲ. ‘ನಡಿ’ ಎಂದರು. ಇಬ್ಬರೂ ಎರಡು ಮೈಲಿ ವಾಪಸ್ ನಡೆದೆವು. ಬಾಟ್ಲಿ ಬೀರುವಿಗೆ ಹೋಯಿತು, ಗುರುತು ಬಿತ್ತು, ಬೀಗ ಬಿತ್ತು. ಕೀ ಅವರ ಚೀಲಕ್ಕೆ ಹೋಯಿತು. ಅವರು ಬೀರೂರಿನ ಕಡೆ ಹೋಗುವ ಲಾರಿಗೆ ಕೈ ಅಡ್ಡ ಹಾಕಿ ಹೋದರು ಎಂದು ಆಮೇಲೆ ಗೊತ್ತಾಯಿತು.

ಭಾನುವಾರ ನಾನು ಊಟ ಮಾಡಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಮಾಡಿದೆ. ರುಚಿ ಗೊತ್ತಾಗಲಿಲ್ಲ ಅಷ್ಟೇ. ಬಾಟ್ಲಿ ಯಾಕೆ ಇಳಿಯುತ್ತಿದೆ ಎಂದು ನನಗೇನೂ ಗೊತ್ತಿರಲಿಲ್ಲ. ನಾನು ಕುಡಿದಿಲ್ಲ ಅನ್ನುವುದೊಂದೇ ಗೊತ್ತಿದ್ದುದು. ಬೇರೆ ಯಾರಾದರೂ ಕದಿಯುತ್ತಿದ್ದರೆ ಬೀರುವಿನಲ್ಲಿ ಅದು ಇಳಿಯುವುದಿಲ್ಲ, ಆಗ ನಾನೇ ಹಳ್ಳ ತೋಡಿಕೊಂಡ ಹಾಗೆ. ಅದು ಹೊಳೆದದ್ದು ಭಾನುವಾರ ಮಧ್ಯಾಹ್ನ, ಪಂಥ ಕಟ್ಟಿ ಆದ ಮೇಲೆ.

ಸೋಮವಾರ ಬೆಳಗ್ಗೆ ಗಂಟೆ ಹೊಡೆಯುವ ಮುಂಚೆ ಬೀರು ತೆಗೆದರು. ಗುರುತಿಗಿಂತ ಅರ್ಧ ಬೆರಳು ಕೆಳಗೆ. ಟೀಚರಮ್ಮ ಬಾಟ್ಲಿಯನ್ನು ಕಿಟಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

“ಏನ್ ಕಂಡ್ರಿ?” ಎಂದೆ.

“ಬಿರಡೆ” ಎಂದರು. “ಇದನ್ನ ಹಾಕಿದ್ದು ನೀನಾ?”

ನಾನೇ. ಹರಳೆಣ್ಣೆ ಬಾಟ್ಲಿಗೆ ನಮ್ಮ ಮನೆಗಳಲ್ಲಿ ಹೇಗೆ ಹಾಕುತ್ತೇವೋ ಹಾಗೆ. ಬಟ್ಟೆ ಚೂರನ್ನು ಉದ್ದಕ್ಕೆ ಹೊಸೆದು, ಬಾಯಲ್ಲಿ ಗಟ್ಟಿ ಕೂರಲಿ ಅಂತ ಬಾಲವನ್ನು ಒಳಕ್ಕೆ ಇಳಿಬಿಟ್ಟು, ಮೇಲೆ ಹಿಡಿಯಲು ಒಂದು ಜುಟ್ಟು ಬಿಡುವುದು. ಶಾಲೆಯಲ್ಲಿ ಬಟ್ಟೆ ಸಿಗಲಿಲ್ಲ, ಮಕ್ಕಳು ಬರೆದು ಬಿಸಾಕಿದ ಹಾಳೆಯನ್ನೇ ಹೊಸೆದಿದ್ದೆ. ಟೀಚರಮ್ಮ ಅದನ್ನು ಎಳೆದು ಬಿಡಿಸಿದರು. ಹಾಳೆಯ ಒಳಬಾಲದಲ್ಲಿ ಅಕ್ಷರ ಮಸುಕಾಗಿತ್ತು. ಬಾಟ್ಲಿಯ ಹೊರಗಿದ್ದ ಜುಟ್ಟಿನ ತುದಿಯಲ್ಲಿ ನೇರಳೆ ಬಣ್ಣ ಬಂದು ಗೆರೆ ಕಟ್ಟಿ ಕೂತಿತ್ತು.

ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಎಷ್ಟು ಲೋಟ ತೊಳೆದಿದ್ದೆ ಅದನ್ನೇ ನೋಡುತ್ತ. “ಕಾಗದ ಹತ್ತಿ ಆಚೆ ಹೋಗ್ಬಿಟ್ಟೈತೆ” ಎಂದೆ.

“ಹರಳೆಣ್ಣೆ ಹಾರಲ್ಲ ಕೆಂಚಮ್ಮ. ಇದು ಹಾರುತ್ತೆ. ಬತ್ತಿ ಹಾಕಿ ಹಾರಿಸಿದೀಯ.”

“ಮುಚ್ಚಿಡು ಅಂದೋರು ನೀವು. ಹಾರುತ್ತೆ ಅಂತ ಹೇಳಿದ್ರಾ?”

“ಇಲ್ಲ. ಮಕ್ಕಳಿಗೆ ಹೇಳಿದ್ದೆ. ನಿನಗೆ ಹೇಳ್ಬೇಕು ಅಂತ ಅನ್ನಿಸ್ಲಿಲ್ಲ.”

ಅಷ್ಟು ಹೇಳಿ ಎಂಟನೇ ಕ್ಲಾಸಿಗೆ ಹೋದರು. ಮಕ್ಕಳ ಮುಂದೆ ನಿಂತು, ನಾನು ನೋಡದೆ ಒಬ್ಬರ ಮೇಲೆ ಬರೆದುಕೊಟ್ಟೆ, ನೋಡದೆ ಹೇಳಿದವರಿಗೆ ಈ ಕ್ಲಾಸಿನಲ್ಲಿ ಏನು ಶಿಕ್ಷೆ ಎಂದು ಕೇಳಿದರು. ಆಮೇಲೆ ಆಕೆಯೇ ಹೊರಗೆ ಬಂದು ಜಗಲಿಯಲ್ಲಿ ನಿಂತರು, ಪೂರ್ತಿ ಒಂದು ಪೀರಿಯಡ್. ಅಧ್ಯಕ್ಷರ ತಮ್ಮನ ಮಗಳು ಕಿಟಕಿಯಿಂದ ಇಣುಕಿ ಇಣುಕಿ ನೋಡುತ್ತಿದ್ದಳು. ನಾನು ಪೊರಕೆ ಹಿಡಿದು ಹೋದೆ. ಅವರು ನಿಂತರೆ ನನಗೇನು ಬಂತು? ಹಾಳೆ ಇನ್ನೂ ಹೆಡ್ ಮೇಷ್ಟ್ರ ಮೇಜಿನ ಮೇಲೇ ಇತ್ತು. “ಗುಡಿಸ್ಬೇಕು, ಸರ್ಕೊಳಿ” ಎಂದೆ. ಸರಿದುಕೊಂಡರು.

ಸಂಜೆ ಕಮಿಟಿ. ಐದು ಜನ ಕುರ್ಚಿಯಲ್ಲಿ, ನಡುವೆ ಅಧ್ಯಕ್ಷರು. ನಾವೆಲ್ಲ ಅವರನ್ನು ‘ಬುದ್ಧಿ’ ಎಂದು ಕರೆಯುವುದು ವಾಡಿಕೆ. ಆವತ್ತು ನನ್ನ ಬಾಯಿಗೆ ಬುದ್ಧಿ ಬರಲಿಲ್ಲ, ಅವರ ತಲೆಗೂ ಬಂದಿರಲಿಲ್ಲ. ಸ್ಪಿರಿಟ್ ಅಂದ್ರೆ ಸಾರಾಯಿ, ಗಂಡನ ಚಟ ಹೆಂಡ್ತಿಗೆ ಹತ್ತಿದೆ, ಇದರಲ್ಲಿ ವಿಚಾರಣೆ ಏನು ಎಂದರು.

ಟೀಚರಮ್ಮ ಎದ್ದರು. “ನಾನು ಬರೆದಿದ್ದು ತಪ್ಪು. ವಾಪಸ್ ತಗೊಳ್ತೀನಿ.”

“ಹಂಗೆಲ್ಲ ವಾಪಸ್ ತಗೊಳ್ಳೋಕೆ ಇದೇನು ಸಂತೇಲಿ ಕೊಂಡ ಬದನೆಕಾಯೇನಮ್ಮ?” ಎಂದರು ಅಧ್ಯಕ್ಷರು. “ಅವಳು ಕದೀಲಿಲ್ಲ ಅಂದ್ರೆ ನೀನು ಸುಳ್ಳು ದೂರು ಕೊಟ್ಟೆ ಅಂತಾಯ್ತು. ಇಬ್ರಲ್ಲಿ ಒಬ್ರು ಮನೆಗೆ ಹೋಗ್ಬೇಕಾಯ್ತದೆ.”

“ಹಾಗಾದ್ರೆ ನನ್ನ ಹೆಸರು ಬರ್ಕೊಳಿ. ಅದಕ್ಕೆ ಮುಂಚೆ ಒಂದು ಕೆಲಸ ಮಾಡಿ.”

ಎರಡು ಬಾಟ್ಲಿ ತಂದು ಮೇಜಿನ ಮೇಲಿಟ್ಟರು. ಎರಡರಲ್ಲೂ ಅದೇ ಸ್ಪಿರಿಟ್, ಅದೇ ಮಟ್ಟ. ಒಂದಕ್ಕೆ ಹೊಸ ಬೂಚು. ಇನ್ನೊಂದಕ್ಕೆ ನನ್ನ ಕೈಯಲ್ಲೇ ಕಾಗದದ ಬಿರಡೆ ಹೊಸೆಸಿ ಹಾಕಿಸಿದರು. “ನಿಮ್ಮ ಮಂಡಿಯ ಮರದ ಪೆಟ್ಟಿಗೇಲಿ ಇಡಿ. ಅರಗು ಹಾಕಿ ನಿಮ್ಮದೇ ಮುದ್ರೆ ಒತ್ತಿ. ಎಂಟು ದಿನ ಬಿಟ್ಟು ನೀವೇ ಒಡೀರಿ.”

ಅಧ್ಯಕ್ಷರು ಅಡಿಕೆ, ಮೆಣಸಿನಕಾಯಿ ವ್ಯಾಪಾರದವರು. ಮಾಲು ತೂಕ ಕಡಿಮೆಯಾದರೆ ಯಾರು ಕದ್ದರು, ಎಷ್ಟು ಒಣಗಿತು ಅನ್ನುವುದೇ ಅವರ ದಿನದ ಜಗಳ. ಬೇಡ ಅನ್ನಲು ಅವರಿಂದ ಆಗಲಿಲ್ಲ. ಏನಾಗುತ್ತೆ ನೋಡುವ ಆಸೆ ಕಣ್ಣಲ್ಲಿ ಕಂಡಿತು. ಆದರೂ ಬಿಗುಮಾನ ಬಿಡದೆ, “ಅಲ್ಲೀವರ್ಗೂ ಇವ್ಳು ಶಾಲೆ ಮೆಟ್ಲು ಹತ್ಬಾರ್ದು” ಎಂದರು.

ಎಂಟು ದಿನ ನಾನು ಮನೆಯಲ್ಲಿದ್ದೆ. ಹೆಡ್ ಮೇಷ್ಟ್ರೇ ಗಂಟೆ ಹೊಡೆದರಂತೆ. ಒಂದು ಮಧ್ಯಾಹ್ನ ಅವರು ಮರೆತದ್ದಕ್ಕೆ ಮಕ್ಕಳು ಹಸಿದು ಕೂಗಾಡಿದವಂತೆ. ಎಂಟನೇ ಕ್ಲಾಸನ್ನು ಟೀಚರಮ್ಮನೇ ಗುಡಿಸಿದರಂತೆ. ಆಮೇಲೆ ಹೋಗಿ ನೋಡಿದೆ, ಗುಡಿಸಲು ಬರುತ್ತಿರಲಿಲ್ಲ. ಮೂಲೆಗಳಲ್ಲಿ ಕಸ ಹಾಗೇ ಇತ್ತು.

ಒಂಬತ್ತನೇ ದಿನ ಅರಗು ಒಡೆದರು. ಬೂಚಿನ ಬಾಟ್ಲಿ ಇದ್ದಷ್ಟೇ ಇತ್ತು. ಕಾಗದದ್ದು ಎರಡು ಬೆರಳು ಇಳಿದಿತ್ತು, ಬಿರಡೆಯ ಜುಟ್ಟು ನೇರಳೆ ಆಗಿತ್ತು. ಅಧ್ಯಕ್ಷರು ಮೂಸಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು, ಮತ್ತೆ ಮೂಸಿದರು. ಕೊನೆಗೆ, “ಹಂಗಾದ್ರೆ ಕುಡುಕ ಕಾಗದ ಅನ್ನಿ” ಎಂದರು. ಎಲ್ಲರೂ ನಕ್ಕರು. ನಗುವಿನಲ್ಲೇ ಮುಗಿಸಿಬಿಡುವ ಹಂಚಿಕೆ ಅದು. “ಹೋಗಮ್ಮ, ಕೆಲ್ಸ ನೋಡ್ಕೋ ಹೋಗು” ಎಂದರು.

ನಾನು ಅಲ್ಲಾಡಲಿಲ್ಲ. “ಆ ಹಾಳೆ ಕೊಡಿ.”

“ಯಾವ ಹಾಳೆ?”

“ನಾನು ಕಳ್ಳಿ ಅಂತ ಬರೆದಿರೋದು. ನಾಳೆ ನೀವಿರಾಕಿಲ್ಲ, ಇವ್ರಿರಾಕಿಲ್ಲ, ಹಾಳೆ ಇರ್ತದೆ. ಬಂದೋರು ಓದ್ತಾರೆ. ಇವತ್ತು ನಕ್ಕಿದ್ದು ಅದ್ರಾಗೆ ಬರೆದಿರಾಕಿಲ್ಲ.”

ಹೆಡ್ ಮೇಷ್ಟ್ರು ಕೈ ಹೊಸಕಿದರು. ಫೈಲಿಗೆ ಸೇರಿದ ಕಾಗದ ತೆಗೆಯುವ ಹಾಗಿಲ್ಲ, ನಂಬರ್ ಬಿದ್ದಿದೆ, ಆಡಿಟ್‌ನವರು ಬಂದರೆ ಹಾಳೆ ಎಲ್ಲಿ ಅಂತ ಕೇಳುತ್ತಾರೆ ಎಂದರು. ಹರಿಯುವ ಹಾಗಿಲ್ಲ, ಸುಡುವ ಹಾಗಿಲ್ಲ. ಅಧ್ಯಕ್ಷರು ರೂಲು ಅಂದ್ರೆ ರೂಲು ಎಂದು ಎದ್ದರು.

ಆಗ ಟೀಚರಮ್ಮ, “ಸಾರ್, ಆ ಕಾಗದ ನನ್ನ ಪಾಠಕ್ಕೆ ಬೇಕು. ಒಂದು ಪೀರಿಯಡ್. ಆಮೇಲೆ ವಾಪಸ್ ಕೊಡ್ತೀನಿ” ಎಂದರು. ವಾಪಸ್ ಬರುತ್ತದೆ ಅಂದರೆ ಹೆಡ್ ಮೇಷ್ಟ್ರಿಗೆ ಅಭ್ಯಂತರವಿರಲಿಲ್ಲ. ಫೈಲಿನಿಂದ ಬಿಚ್ಚಿ ಕೊಟ್ಟರು.

ನನ್ನನ್ನೂ ಕ್ಲಾಸಿಗೆ ಕರೆದರು. ಮೊದಲ ಸಲ ಬೆಂಚಿನ ಮೇಲೆ ಕೂರಿಸಿದರು. ಆ ಹಾಳೆಯನ್ನು ಆಗ ನಾನು ಹತ್ತಿರದಿಂದ ನೋಡಿದೆ. ನನಗೆ ಅಷ್ಟೊತ್ತಿಗೆ ಮಕ್ಕಳ ಸ್ಲೇಟು ಒರೆಸಿ ಒರೆಸಿ ‘ಕ’ ಗುರುತು ಸಿಗುತ್ತಿತ್ತು. ಒಂದು ಕ, ಎತ್ವ ಕೊಟ್ಟದ್ದು, ನನ್ನ ಹೆಸರಿನದು. ಅದರ ಪಕ್ಕದಲ್ಲೇ ಇನ್ನೊಂದು ಕ, ಅದು ಕಳ್ಳತನದ್ದು. ಎರಡೂ ನಾನೇ ಕಲೆಸಿದ ಮಸಿಯಲ್ಲಿ.

ತಟ್ಟೆಯಲ್ಲಿ ನೀರು ಹಾಕಿದರು. ಹಾಳೆಯ ಮೇಲಂಚನ್ನು ಕಡ್ಡಿಗೆ ಸಿಕ್ಕಿಸಿ ತೂಗುಹಾಕಿದರು. ಕೆಳಗಿನ ಅಂಚು ನೀರಿಗೆ ಇಳಿಯಿತು. ಶಾಲೆಯ ಅಗ್ಗದ ಹಾಳೆ, ಬರೆದರೇ ಮಸಿ ಹರಡುವಂಥದ್ದು, ಗಟಗಟ ನೀರು ಕುಡಿಯಿತು.

ಒಬ್ಬ ಹುಡುಗ ಎದ್ದು ನಿಂತ. “ಟೀಚರ್, ನಿಮ್ ಸೈನು ಮುಳುಗ್ತಾ ಐತೆ.”

“ಮುಳುಗ್ಲಿ.”

ಅವರ ಸಹಿ ತಟ್ಟೆಯೊಳಕ್ಕೆ ನೀಲಿಯಾಗಿ ಇಳಿದುಹೋಯಿತು. ಮೇಲಿನ ಸಾಲುಗಳು ಒಂದೊಂದಾಗಿ ಕಾಲು ಕಿತ್ತವು. ಕೆಳಗಿನ ಸಾಲು ಮೇಲಿನ ಸಾಲಿನೊಳಕ್ಕೆ ನುಗ್ಗಿತು. ನೋಡನೋಡುತ್ತ ಅಕ್ಷರ ಹೋಗಿ ಪಟ್ಟೆ ಉಳಿಯಿತು, ನೀಲಿಯದೊಂದು, ನೇರಳೆಯದೊಂದು, ಮೇಲೆ ಹಳದಿ. ನನ್ನ ಎರಡು ಕ ಎಲ್ಲಿ ಹೋದವೋ ಗೊತ್ತಾಗಲಿಲ್ಲ. ಟೀಚರಮ್ಮ ನನ್ನ ಕಡೆ ತಿರುಗಿ, “ಕಂಡಿದ್ದು ಹೇಳು” ಎಂದರು.

“ಏನೂ ಬರೆದಿಲ್ಲ” ಎಂದೆ.

ಪೀರಿಯಡ್ ಮುಗಿದ ಗಂಟೆ ನಾನೇ ಹೊಡೆದೆ. ಅವರು ಹಸಿ ಹಾಳೆಯನ್ನು ಕಡ್ಡಿಯ ಸಮೇತ ಹಿಡಿದುಕೊಂಡು ಹೋಗಿ ಹೆಡ್ ಮೇಷ್ಟ್ರ ಮೇಜಿನ ಮೇಲೆ ಹಾಸಿದರು. “ತಗೊಳ್ಳಿ ಸಾರ್, ನಿಮ್ಮ ಕಾಗದ. ನಂಬರ್ ಹಿಂದಗಡೆ ಪೆನ್ಸಿಲ್ಲಲ್ಲಿದೆ, ಹೋಗಿಲ್ಲ.” ಹೆಡ್ ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತರು. ಆದರೆ ಅವರೇ ಹೇಳಿದ ರೂಲು. ಒಣಗಿದ ಮೇಲೆ ಮತ್ತೆ ಫೈಲಿಗೆ ಪೋಣಿಸಿದರು. ಟೀಚರಮ್ಮನಿಗೆ ಮೆಮೊ ಬಂತು. ಅದಕ್ಕೆ ಅವರು ಒಂದೇ ಸಾಲಿನ ಉತ್ತರ ಬರೆದರು, ಪಾಠ ಮಾಡಿದ್ದೇನೆ ಅಂತ. ಎರಡು ವರ್ಷದ ಮೇಲೆ ತರೀಕೆರೆಯ ಬೇರೆ ಶಾಲೆಗೆ ಹೋದರು, ಇಲ್ಲಿ ಇರಲು ಬಿಡಲಿಲ್ಲ.

ತಪ್ಪಾಯಿತು ಅನ್ನುವ ಮಾತನ್ನು ನನಗೆ ಅವರು ಯಾವತ್ತೂ ಹೇಳಲಿಲ್ಲ. ನಾನು ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ, ಕೇಳದವರಿಗೆ ಕೊಡುವುದೇನು. ಹೋಗುವ ಮುಂಚಿನ ಆ ಎರಡು ವರ್ಷ ಮಾತ್ರ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಎದುರು ಕೂರಿಸಿಕೊಂಡು ಕಾಗುಣಿತ ತಿದ್ದಿಸಿದರು. ತಪ್ಪಿದರೆ ಬೆರಳ ಗೆಣ್ಣಿಗೆ ಪೊರಕೆ ಕಡ್ಡಿ. ಮೃದು ಸ್ವಭಾವವಂತೆ.

ಮತ್ತೆ ಒಂದೇ ಸಲ ಸಿಕ್ಕಿದ್ದು, ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ. ಅದೇ ಚೀಲ, ಅದೇ ಕಿಣಿಕಿಣಿ. ಸೌಖ್ಯವಾ ಎಂದೂ ಕೇಳಲಿಲ್ಲ.

“ಈಗ ಬಾಟ್ಲಿಗೆ ಏನ್ ಬಿರಡೆ ಹಾಕ್ತೀಯ?”

“ಹರಳೆಣ್ಣೆಗೆ ಬಟ್ಟೆ. ಸೀಮೆಎಣ್ಣೆಗೆ ಬೂಚು.”

“ಸೀಮೆಎಣ್ಣೆಗೆ ಯಾಕೆ ಬೂಚು? ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲ. ಗುರುತು ಹಾಕಿ ನೋಡ್ದೆ.”

‘ಹ್ಞೂಂ’ ಎಂದು ಬಸ್ಸು ಹತ್ತಿದರು.

ನಾನು ಕೆಲಸದಿಂದ ಬಿಡುಗಡೆಯಾಗುವ ವರ್ಷ ನನ್ನ ಕಾಗದಪತ್ರ ನೋಡಲು ಮೇಲಿನ ಆಫೀಸಿನಿಂದ ಒಬ್ಬ ಗುಮಾಸ್ತರು ಬಂದರು. ಚಿಕ್ಕ ವಯಸ್ಸು, ಕನ್ನಡಕ. ಫೈಲು ತಿರುವುತ್ತ ಆ ಹಾಳೆಯ ಹತ್ತಿರ ನಿಂತರು.

“ಏನಮ್ಮ ಇದು, ಮಕ್ಕಳು ಬಣ್ಣ ಚೆಲ್ಲಿದಾವಾ?”

“ಇಲ್ಲ ಸಾರ್. ನನ್ ಮೇಲೆ ಕೊಟ್ಟಿರೋ ದೂರು.”

“ದೂರಾ? ಏನಂತ?”

“ನಂಗೆ ಓದಾಕೆ ಬತ್ತದೆ ಸಾರ್, ಆದ್ರೂ ಇದನ್ನ ಓದಾಕಾಗ್ಲಿಲ್ಲ. ನೀವು ಜಾಸ್ತಿ ಓದಿದೋರು, ನೀವೇ ಓದಿ ಹೇಳಿ.”

ಅವರು ಹಾಳೆಯನ್ನು ಬೆಳಕಿಗೆ ಹಿಡಿದರು. ತಲೆಕೆಳಗು ಮಾಡಿದರು. ಹಿಂದೆ ತಿರುಗಿಸಿ ನಂಬರ್ ನೋಡಿದರು. ನನ್ನ ಮುಖ ನೋಡಿದರು. ನಾನು ಅವರ ಮುಖವನ್ನೇ ನೋಡಿದೆ, ಕಣ್ಣು ಕೆಳಗೆ ಮಾಡಲಿಲ್ಲ. ಆಮೇಲೆ ಹಾಳೆಯನ್ನು ಇದ್ದಲ್ಲೇ ಬಿಟ್ಟು, ರಿಜಿಸ್ಟರಿನಲ್ಲಿ ‘ದೂರುಗಳು’ ಎಂದಿದ್ದ ಕಡೆ ‘ಇಲ್ಲ’ ಎಂದು ಬರೆದರು. ಬಾಲ್ ಪೆನ್ನಿನಲ್ಲಿ ಬರೆದರು. ಅದು ನೀರಿಗೆ ಹೋಗುವುದಿಲ್ಲ.